ಕಡಿದಾದ ಹಾದಿಯ ವಾಹನಗಳಿಗೆ ಪಾರ್ಶ್ವ ರಕ್ಷಾಕೊಳವೆ: ಆಯ್ಕೆ, ಜೋಡಣೆ ಹಾಗೂ ಲೆಕ್ಕಾಚಾರ

ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಭಾಗಗಳ ತೋಟದ ಹಾದಿಗಳಲ್ಲಿ ಓಡಾಡುವ ಥಾರ್, ಗೂರ್ಖಾ, ಜಿಮ್ನಿ ಮುಂತಾದ ವಾಹನಗಳಿಗೆ ಬಾಗಿಲಿನ ಕೆಳಭಾಗದಲ್ಲಿ ಉಕ್ಕಿನ ಕೊಳವೆಗಳನ್ನು ಅಳವಡಿಸುವ ರೂಢಿಯಿದೆ. ಇವುಗಳಿಗೆ ರಾಕ್ ಸ್ಲೈಡರ್ ಎಂದು ಹೆಸರು. ಸಣ್ಣ ಫ್ಯಾಬ್ರಿಕೇಷನ್ ಘಟಕಗಳಿಗೆ ಇದು ಲಾಭದಾಯಕ ಉಪಕಸುಬೂ ಹೌದು. ಆದರೆ ಕೊಳ್ಳುವವರು ನೋಡುವುದು ಅಂದವನ್ನು, ಮಾಡಿಕೊಡುವವರು ನೋಡುವುದು ಕಬ್ಬಿಣದ ದರವನ್ನು. ಇವೆರಡರ ನಡುವೆ ಮುಖ್ಯ ಸಂಗತಿಗಳು ಮರೆಯಾಗುತ್ತವೆ.

ಮೊದಲನೆಯದಾಗಿ, ಸ್ಲೈಡರ್ ಬೇರೆ, ಕಾಲಿಡುವ ಫುಟ್‌ಬೋರ್ಡ್ ಬೇರೆ. ಫುಟ್‌ಬೋರ್ಡ್ ಹೊರಬೇಕಾದುದು ಮನುಷ್ಯನ ಭಾರವನ್ನು ಮಾತ್ರ. ಸ್ಲೈಡರ್ ಆದರೋ ವಾಹನದ ಒಂದು ಮಗ್ಗುಲಿನ ಭಾರವನ್ನೇ ಹೊರಬೇಕು. ಐದು ಬಾಗಿಲಿನ ಜಿಮ್ನಿಯ ತೂಕ ಸುಮಾರು 1,200 ಕಿಲೋ. ಬಂಡೆಯ ಮೇಲೆ ವಾಲಿ ಕುಳಿತಾಗ ಸುಮಾರು 600 ಕಿಲೋ ಭಾರ ಒಂದೇ ಕೊಳವೆಯ ಮೇಲೆ ಬೀಳಬಹುದು. ಮೇಲಿನಿಂದ ಧಡಕ್ಕನೆ ಇಳಿದರೆ ಅದಕ್ಕಿಂತಲೂ ಅಧಿಕ. ಇದೇ ವಾಹನದ ಮೂರು ಬಾಗಿಲಿನ ಮಾದರಿಯಲ್ಲಿ ಗಾಲಿಗಳ ನಡುವಿನ ಅಂತರ 2,250 ಮಿ.ಮೀ. ಇದ್ದರೆ, ಐದು ಬಾಗಿಲಿನದರಲ್ಲಿ 2,590 ಮಿ.ಮೀ. ಇದೆ. ನಡುಭಾಗ ಉದ್ದವಾದಷ್ಟೂ ದಿಬ್ಬಕ್ಕೆ ಹೊಟ್ಟೆ ತಗುಲುವ ಸಂಭವ ಹೆಚ್ಚುತ್ತದೆಯಾದ್ದರಿಂದ ಸ್ಲೈಡರಿನ ಅಗತ್ಯವೂ ಹೆಚ್ಚು.

ಕೊಳವೆಯ ಆಯ್ಕೆಯಲ್ಲಿ ವ್ಯಾಪಾರಿಗಳು ದಪ್ಪವನ್ನೇ ಬಲವೆಂದು ಹೇಳಿ ಮಾರುತ್ತಾರೆ. ಲೆಕ್ಕ ಹಾಕಿ ನೋಡೋಣ. 48.3 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ಮೀಟರಿಗೆ ಸುಮಾರು 4.4 ಕಿಲೋ ತೂಗುತ್ತದೆ. 60.3 ಮಿ.ಮೀ. ವ್ಯಾಸ, 3.2 ಮಿ.ಮೀ. ದಪ್ಪದ್ದು ಸುಮಾರು 4.5 ಕಿಲೋ. ತೂಕದಲ್ಲಿ, ಹೀಗಾಗಿ ಬೆಲೆಯಲ್ಲಿಯೂ, ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಆದರೆ ಬಾಗುವಿಕೆಯನ್ನು ತಡೆಯುವ ಬಿಗಿತದಲ್ಲಿ ಎರಡನೆಯದು ಮೊದಲನೆಯದರ ಸುಮಾರು 1.7 ಪಟ್ಟು. ಹಾಗೆಂದು ದಪ್ಪವನ್ನು ತೀರ ಇಳಿಸಿದರೆ ಚೂಪುಗಲ್ಲಿಗೆ ಕೊಳವೆ ತಗ್ಗು ಬೀಳುತ್ತದೆ; ವ್ಯಾಸವನ್ನು ಹೆಚ್ಚಿಸಿದಷ್ಟೂ ನೆಲದಿಂದ ಇರುವ ಎತ್ತರ ಕಡಿಮೆಯಾಗುತ್ತದೆ. ಅಲ್ಯುಮಿನಿಯಂ ಹಗುರವೇ ಸರಿ, ಆದರೆ ಅದರ ಸ್ಥಿತಿಸ್ಥಾಪಕತ್ವ ಉಕ್ಕಿನ ಮೂರನೆಯ ಒಂದು ಭಾಗದಷ್ಟೇ. ತೋಟದ ಕೆಲಸಕ್ಕೆ ಉಕ್ಕೇ ಲೇಸೆಂಬುದು ನನ್ನ ಅಭಿಪ್ರಾಯ.

ಜೋಡಣೆಯ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮೇಲೆ ಹೆಸರಿಸಿದ ಮೂರೂ ವಾಹನಗಳಿಗೆ ಪ್ರತ್ಯೇಕ ಚಾಸಿ ಇದೆ. ಸ್ಲೈಡರಿನ ಕಾಲುಗಳು ಆ ಚಾಸಿಗೇ ಸೇರಬೇಕು, ಬಾಗಿಲ ಕೆಳಗಿನ ತಗಡಿಗಲ್ಲ. ಬಾಡಿಯು ರಬ್ಬರ್ ಮೌಂಟುಗಳ ಮೇಲೆ ಕುಳಿತು ಚಾಸಿಯಿಂದ ಬೇರೆಯಾಗಿ ಅಲುಗಾಡುತ್ತದೆಯಾದ್ದರಿಂದ ಕೊಳವೆಗೂ ಬಾಡಿಗೂ ನಡುವೆ ಅಂತರ ಬಿಡತಕ್ಕದ್ದು. ಪ್ರತಿ ಪಾರ್ಶ್ವಕ್ಕೆ ಕನಿಷ್ಠ ಮೂರು ಕಾಲುಗಳು, ಅಗಲವಾದ ತಳಫಲಕ, 8.8 ದರ್ಜೆಯ ಬೋಲ್ಟುಗಳು ಇರಲಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಗೊಳಿಸಬೇಕು. ಚಾಸಿಗೆ ನೇರವಾಗಿ ವೆಲ್ಡ್ ಮಾಡುವುದನ್ನು ನಾನು ಒಪ್ಪುವುದಿಲ್ಲ: ಶಾಖದಿಂದ ಲೋಹದ ಗುಣ ಕೆಡುತ್ತದೆ, ಬಣ್ಣ ಸುಟ್ಟಲ್ಲಿ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತದೆ, ಸಮೀಪದಲ್ಲೇ ಇಂಧನ ಮತ್ತು ಬ್ರೇಕಿನ ನಳಿಕೆಗಳಿರುತ್ತವೆ. ಕೊಳವೆಯ ತುದಿಗಳನ್ನು ಮುಚ್ಚಿ, ಕೆಳಗೊಂದು ನೀರಿಳಿಯುವ ರಂಧ್ರ ಬಿಡುವುದು ಸಣ್ಣ ಕೆಲಸ. ಆದರೂ ಅನೇಕರು ಮಾಡುವುದಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದ್ದೂ ಉಂಟು. ಬೋಲ್ಟ್ ಬಿಚ್ಚಿದರೆ ಕಳಚಿಕೊಳ್ಳುತ್ತದೆ ಎಂಬ ಕಾರಣಕ್ಕೇ ಸ್ಲೈಡರ್ ಕಾನೂನುಬದ್ಧವಾಗದು. ಎರಡು ಬದಿಗೆ ಸೇರಿ 40 ಕಿಲೋ ಮೀರುವ ತೂಕ ಕೂಡುತ್ತದೆ; ಪಾರ್ಶ್ವ ಡಿಕ್ಕಿಯ ಆಘಾತ ಏರ್‌ಬ್ಯಾಗ್ ಸಂವೇದಕವನ್ನು ತಲುಪುವ ರೀತಿಯೂ ಬದಲಾಗಬಹುದು. ಆದಕಾರಣ ತಯಾರಕರೇ ಒದಗಿಸುವ ಪರಿಕರವಿದ್ದರೆ ಅದಕ್ಕೇ ಆದ್ಯತೆ. ಇಲ್ಲವಾದಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಯ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು, ವಿಮಾ ಕಂಪನಿಗೆ ಜೋಡಣೆಗೆ ಮುನ್ನವೇ ತಿಳಿಸುವುದು ಕ್ಷೇಮ. ಐದು ಸಾವಿರದ ದಂಡಕ್ಕಿಂತ ತಿರಸ್ಕೃತವಾದ ವಿಮಾ ಕ್ಲೇಮು ಎಷ್ಟೋ ದುಬಾರಿ.

ತೆರಿಗೆಯ ಬಗೆಗೆ: ವಾಹನದ ಬಿಡಿಭಾಗ ಹಾಗೂ ಪರಿಕರಗಳ 8708ನೆಯ ಶೀರ್ಷಿಕೆಯ ಜಿ.ಎಸ್.ಟಿ. ದರವು 22-9-2025ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಘಟಕದವರು ಹಳೆಯ ದರಪಟ್ಟಿಗಳನ್ನು ಪರಿಷ್ಕರಿಸಿರದಿದ್ದರೆ ಕೂಡಲೇ ಮಾಡಿಕೊಳ್ಳಬೇಕು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ, ಅದರ ದುರಸ್ತಿ ಮತ್ತು ವಿಮೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ಆದ್ದರಿಂದ ಕೊಳ್ಳುವವರು ದರಗಳನ್ನು ತೆರಿಗೆ ಸಹಿತವಾಗಿಯೇ ಹೋಲಿಸತಕ್ಕದ್ದು. ಹೊಸದಾಗಿ ಹಾಕಿಸಿದ ಸ್ಲೈಡರನ್ನು ದುರಸ್ತಿ ಖರ್ಚಿಗೆ ಬರೆಯದೆ, ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ಪಡೆಯುವುದು ಕ್ರಮ. ಬಿಲ್ಲಿನಲ್ಲಿ ಕೊಳವೆಯ ವ್ಯಾಸ, ದಪ್ಪ, ತೂಕ ಮತ್ತು ವಾಹನದ ನೋಂದಣಿ ಸಂಖ್ಯೆಯನ್ನು ಬರೆಸಿಕೊಳ್ಳಿರಿ.