ವೆಬ್‌ಸೈಟಿಗೆ ಹೆಸರು: ಹಳೆ ಬಾಲವೋ, ಹೊಸ ಬಾಲವೋ?

ಮಳೆ ನಂಬಿ ಬೆಳೆಯುವ ನಮ್ಮಂಥವರೂ ಈಗ ಸಾಮೆ, ನವಣೆ, ಗಾಣದ ಕಡಲೆಕಾಯಿ ಎಣ್ಣೆಯನ್ನು ನೇರ ಬಳಕೆದಾರರಿಗೆ ಮುಟ್ಟಿಸಲು ಹೊರಟಿದ್ದೇವೆ. ನಾಲ್ಕಾರು ಜನ ಸೇರಿ ಒಂದು ವೆಬ್‌ಸೈಟ್ ಮಾಡಿಸೋಣ ಅಂತ ಕೂತರೆ ಮೊದಲು ಬರುವ ಪ್ರಶ್ನೆ ಹೆಸರಿನದು. ಮುಂದಿನ ಹೆಸರೇನೋ ಹೊಳೆಯುತ್ತದೆ. ಚುಕ್ಕಿ ಆದ ಮೇಲಿನ ಬಾಲ ಯಾವುದಿರಬೇಕು? ಡಾಟ್ ಕಾಮ್, ಡಾಟ್ ಇನ್ ಎಂಬ ಹಳೆಯವೋ, ಡಾಟ್ ಫಾರ್ಮ್, ಡಾಟ್ ಶಾಪ್, ಡಾಟ್ ಆನ್‌ಲೈನ್ ಎಂಬ ಹೊಸವೋ?

ಇದು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ಚೀಲದ ಮೇಲೆ, ಎಣ್ಣೆ ಡಬ್ಬಿಯ ಮೇಲೆ ಅಚ್ಚು ಹಾಕಿಸಿದ ಹೆಸರು ನಾಲ್ಕು ವರ್ಷದ ಮೇಲೆ ಕೈತಪ್ಪಿದರೆ, ಕಷ್ಟಪಟ್ಟು ಕೂಡಿಸಿದ ಗಿರಾಕಿಗಳೂ ಕೈತಪ್ಪಿದ ಹಾಗೇ.

ಇವು ಬಂದ ಬಗೆ

ಡಾಟ್ ಕಾಮ್ ಶುರುವಾದದ್ದು 1985ರಲ್ಲಿ. ನಮ್ಮ ದೇಶದ ಡಾಟ್ ಇನ್ 1989ರದು. ಆದರೆ ಎಲ್ಲರಿಗೂ ಸಲೀಸಾಗಿ ಸಿಗುವಂತಾದದ್ದು 2005ರಲ್ಲಿ. ಇದನ್ನು ನೋಡಿಕೊಳ್ಳುವುದು ‘ನಿಕ್ಸಿ’ ಎಂಬ ನಮ್ಮದೇ ದೇಶದ ಸಂಸ್ಥೆ.

ಲೋಕದ ಎಲ್ಲ ಬಾಲಗಳ ಲೆಕ್ಕ ಇಡುವ ‘ಐಕ್ಯಾನ್’ ಸಂಸ್ಥೆ 2012ರಲ್ಲಿ ಹೊಸ ಬಾಲಗಳಿಗೆ ಅರ್ಜಿ ಕರೆಯಿತು. ಒಂದು ಅರ್ಜಿಗೆ 1,85,000 ಡಾಲರ್ ಶುಲ್ಕ. ಆದರೂ 1,930 ಅರ್ಜಿ ಬಂದವು! ಇಷ್ಟು ದುಡ್ಡು ಹಾಕಿದವರು ವ್ಯಾಪಾರಕ್ಕೇ ತಾನೇ ಹಾಕಿದ್ದು? 2013ರ ಕೊನೆಯಿಂದ ಒಂದೊಂದಾಗಿ ಹೊಸ ಬಾಲಗಳು ಪೇಟೆಗೆ ಬಂದವು.

ಹೊಸದರ ಗುಣ

ಹೊಸದನ್ನು ಪೂರ್ತಿ ಬೈಯುವಂತಿಲ್ಲ. ಡಾಟ್ ಕಾಮಿನಲ್ಲಿ ಗಿಡ್ಡನೆಯ ಒಳ್ಳೆ ಹೆಸರುಗಳನ್ನು ಯಾರ್‍ಯಾರೋ ಹಿಡಿದಿಟ್ಟುಕೊಂಡಿದ್ದಾರೆ. ಹೊಸದರಲ್ಲಿ ಬೇಕಾದ ಹೆಸರು ಸಿಗುವ ಸಂಭವ ಹೆಚ್ಚು. ಡಾಟ್ ಫಾರ್ಮ್ ಅಂದರೆ ಇದು ಹೊಲದವರದು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಹೊಸ ಬಾಲ ಹಾಕಿದರೆ ಗೂಗಲಿನಲ್ಲಿ ಮೇಲೆ ಬರ್ತೀರಿ ಅಂತ ಕೆಲವರು, ಕೆಳಗೆ ಬೀಳ್ತೀರಿ ಅಂತ ಕೆಲವರು ಹೇಳುತ್ತಾರೆ. ಎರಡೂ ಸರಿಯಲ್ಲ. ಹೊಸವನ್ನೂ ಹಳೆಯದರಂತೆಯೇ ನೋಡುತ್ತೇವೆ ಅಂತ ಗೂಗಲ್ 2015ರಲ್ಲೇ ತಿಳಿಸಿದೆ. ಡಾಟ್ ಇನ್‌ನಂಥ ದೇಶದ ಬಾಲ ಮಾತ್ರ ‘ಇದು ಭಾರತದ ಗಿರಾಕಿಗೆ’ ಎಂಬ ಸುಳಿವು ಕೊಡುತ್ತದೆ.

ಎಡವುವ ಜಾಗ

ಒಂದು, ಜನರ ಕೈರೂಢಿ. ಅಮೆರಿಕದ ‘ಓವರ್‌ಸ್ಟಾಕ್’ ಎಂಬ ದೊಡ್ಡ ಕಂಪನಿ 2011ರಲ್ಲಿ ‘ಓ ಡಾಟ್ ಕೋ’ ಅಂತ ಹೆಸರು ಬದಲಿಸಿತು. ಭಾರಿ ಪ್ರಚಾರವನ್ನೂ ಕೊಟ್ಟಿತು. ಎಷ್ಟೋ ಜನ ಅಭ್ಯಾಸಬಲದಿಂದ ‘ಓ ಡಾಟ್ ಕಾಮ್’ ಒತ್ತಿದರು! ಅದೇ ವರ್ಷ ಕಂಪನಿ ಹಳೆ ಹೆಸರಿಗೆ ಮರಳಿತು. ಅಷ್ಟು ದುಡ್ಡಿದ್ದವರಿಗೇ ಹೀಗಾದರೆ ನಮ್ಮ ಪಾಡೇನು?

ಎರಡು, ಬೆಲೆ. ಡಾಟ್ ಕಾಮ್‌ನ ಸಗಟು ಬೆಲೆ ಎಷ್ಟು ಏರಬಹುದು ಎಂಬುದಕ್ಕೆ ಕರಾರಿನಲ್ಲಿ ಮಿತಿ ಇದೆ. ಹೊಸ ಬಾಲಗಳಿಗೆ ಸಾಮಾನ್ಯವಾಗಿ ಅಂಥ ಮಿತಿ ಇಲ್ಲ. 2017ರಲ್ಲಿ ‘ಯೂನಿರಿಜಿಸ್ಟ್ರಿ’ ಎಂಬ ಕಂಪನಿ ತನ್ನ ಕೆಲವು ಬಾಲಗಳ ಬೆಲೆಯನ್ನು ಹಲವು ಪಟ್ಟು ಏರಿಸುವುದಾಗಿ ಸಾರಿದಾಗ ಗದ್ದಲವೇ ಎದ್ದಿತ್ತು. ಮೊದಲ ವರ್ಷ ಅಗ್ಗ, ಆಮೇಲೆ ದುಬಾರಿ ಎಂಬುದೂ ಸಾಮಾನ್ಯ. ಒಂದು ಲೆಕ್ಕ ಹಾಕಿ ನೋಡಿ. ಮೊದಲ ವರ್ಷ 99 ರೂ., ಆಮೇಲೆ ವರ್ಷಕ್ಕೆ 3,000 ರೂ. ಅಂತಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ 27,099 ರೂ. ಆಯಿತು. ಪ್ರತಿ ವರ್ಷ 1,000 ರೂ. ಇರುವುದಾದರೆ 10,000 ರೂ. ಮಾತ್ರ. ಆದ್ದರಿಂದ ಕೇಳಬೇಕಾದ್ದು ಈ ವರ್ಷದ ಬೆಲೆಯಲ್ಲ, ನವೀಕರಣದ ಬೆಲೆ.

ಮೂರು, ಪುಕ್ಕಟೆ ಹೆಸರು. ಡಾಟ್ ಟಿಕೆ, ಡಾಟ್ ಎಂಎಲ್, ಡಾಟ್ ಜಿಎ ಇವು ಬೇರೆ ಬೇರೆ ದೇಶ-ಪ್ರದೇಶಗಳ ಬಾಲಗಳು. ‘ಫ್ರೀನಾಮ್’ ಎಂಬ ಕಂಪನಿ ಇವನ್ನು ಪುಕ್ಕಟೆ ಹಂಚುತ್ತಿತ್ತು. ಮೋಸಗಾರರೂ ಇವನ್ನೇ ಹಿಡಿದರು. 2023ರಲ್ಲಿ ಹೊಸ ನೋಂದಣಿ ನಿಂತಿತು. ಅದೇ ವರ್ಷ ಗಬಾನ್ ದೇಶ ತನ್ನ ಡಾಟ್ ಜಿಎಯನ್ನು ವಾಪಸ್ ಪಡೆದಾಗ ಲಕ್ಷಗಟ್ಟಲೆ ಹೆಸರು ಅಳಿಸಿಹೋದವು. ಪುಕ್ಕಟೆ ಸಿಕ್ಕ ನೆಲದಲ್ಲಿ ಬಾವಿ ತೋಡಿದ ಹಾಗಾಯಿತು.

ಕನ್ನಡದ್ದೇ ಬಾಲ

ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಇದೆ. ಇದೂ ನಿಕ್ಸಿಯದೇ. ಊರ ಹೆಸರು, ಬೆಳೆಯ ಹೆಸರು ತಪ್ಪಿಲ್ಲದೆ ಬರೆಯಬಹುದು. ಸಾಮೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಓದುವವರು ‘ಸೇಮ್’ ಅಂತಾರೆ! ಆದರೆ ಕನ್ನಡ ಒತ್ತಲು ಬಾರದ ಗಿರಾಕಿಗೆ ಈ ವಿಳಾಸ ತೊಡಕು. ಕನ್ನಡ ಅಕ್ಷರದ ಇ-ಮೇಲ್ ವಿಳಾಸವನ್ನು ಕೆಲವು ಕಡೆ ಕಂಪ್ಯೂಟರ್ ಒಪ್ಪುವುದೂ ಇಲ್ಲ. ಹಾಗಾಗಿ ಇದು ಜೊತೆಗಿರಲಿ, ಇದೊಂದೇ ಬೇಡ.

ಹಾಗಾದರೆ ಯಾವುದು?

ಹೊಸ ತಳಿ ಬಂದರೆ ನಾವು ಹೊಲಪೂರ್ತಿ ಬಿತ್ತುವುದಿಲ್ಲ. ನಾಲ್ಕು ಸಾಲು ಬಿತ್ತಿ ನೋಡುತ್ತೇವೆ. ಇಲ್ಲೂ ಅದೇ ದಾರಿ. ನಮ್ಮ ದೇಶದಲ್ಲೇ ಮಾರುವವರಿಗೆ ಡಾಟ್ ಇನ್ ಸಾಕು. ಅದೇ ಹೆಸರಿನ ಡಾಟ್ ಕಾಮ್ ಖಾಲಿ ಇದ್ದರೆ ಅದನ್ನೂ ಕೊಂಡು ಡಾಟ್ ಇನ್‌ಗೆ ತಿರುಗಿಸಿಡಿ. ಹೊಸ ಬಾಲದ ಮೇಲೆ ಮನಸ್ಸಿದ್ದರೆ ಮೂರನೆಯದಾಗಿ ಇರಲಿ. ಚೀಲದ ಮೇಲೆ ಮಾತ್ರ ಹಳೆಯದೇ ಅಚ್ಚಾಗಲಿ.

ದುಡ್ಡು ಕಟ್ಟುವ ಮುಂಚೆ ಇಷ್ಟು ಮಾಡಿ:

1. ಹೆಸರನ್ನು ಫೋನಿನಲ್ಲಿ ಒಬ್ಬರಿಗೆ ಹೇಳಿ, ಬರೆಯಲು ಹೇಳಿ. ಒಂದೇ ಸಲಕ್ಕೆ ಸರಿಯಾಗಿ ಬರೆದರೆ ಹೆಸರು ಪಾಸ್.

2. ಅದೇ ಹೆಸರಿನ ಡಾಟ್ ಕಾಮ್ ಯಾರದು ಅಂತ ತೆರೆದು ನೋಡಿ. ಅಲ್ಲಿ ನಿಮ್ಮದೇ ಥರದ ಮಾಲು ಮಾರುವವರಿದ್ದರೆ ಹೆಸರನ್ನೇ ಬದಲಿಸಿ.

3. ನೋಂದಣಿ ನಿಮ್ಮ ಅಥವಾ ಸಂಘದ ಹೆಸರಲ್ಲೇ ಆಗಲಿ. ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿ ಬೇಡ. ಉಳುವವ ನೀವು, ಪಹಣಿ ಇನ್ನೊಬ್ಬರದು ಎಂಬಂತಾಗಬಾರದು. ಇ-ಮೇಲೂ ಪಾಸ್‌ವರ್ಡೂ ನಿಮ್ಮ ಹತ್ತಿರವೇ ಇರಲಿ.

4. ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆದರೆ ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿ. ಗಡುವು ಮೀರಿದರೆ ಬಿಡಿಸಿಕೊಳ್ಳಲು ದುಬಾರಿ ಶುಲ್ಕ ತೆರಬೇಕು, ಅದೂ ದಾಟಿದರೆ ಹೆಸರು ಬೇರೆಯವರ ಪಾಲು.

ಬಾಲ ಎಂಥದೇ ಇರಲಿ, ಗಿರಾಕಿ ಎರಡನೇ ಸಲ ಬರುವುದು ಚೀಲದೊಳಗಿನ ಕಾಳು ನೋಡಿ. ಬಂದವರಿಗೆ ಬಾಗಿಲು ಸಿಗಬೇಕು, ಹೆಸರಿನ ಕೆಲಸ ಅಷ್ಟೇ.