ಕಡಲ ದಂಡೆಯಲ್ಲಿ ಕ್ಯಾಮರಾದ ರಕ್ಷಣೆ

ಮನೀಶ್ ನಗರದ ನಮ್ಮ ಬಂಧುಗಳಲ್ಲಿ ಬೇಸಗೆಯ ರಜೆಗೆ ಊರಿಗೆ ಹೋದಾಗ ಕಾರವಾರ, ಗೋಕರ್ಣ, ಮಲ್ಪೆಗಳ ಕಡಲನ್ನು ಕಂಡುಬರುವವರುಂಟು. ಸಂಬಳದಲ್ಲಿ ಉಳಿಸಿ ಕೊಂಡ ಕ್ಯಾಮರಾ ಅಲ್ಲಿ ಕೆಡದಂತೆ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದೆ.

ಕ್ಯಾಮರಾದ ಶತ್ರು ಅಲೆಯಷ್ಟೇ ಅಲ್ಲ, ಉಪ್ಪು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅಲೆ ಒಡೆದಾಗ ಏಳುವ ತುಂತುರನ್ನು ಗಾಳಿ ದಂಡೆಗೆ ಹೊತ್ತು ತರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಗಾಳಿಯ ಆರ್ದ್ರತೆ ನೂರಕ್ಕೆ 75ನ್ನು ದಾಟಿದರೆ ಅದು ತೇವವನ್ನು ಹೀರಿ ತಾನೇ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ಹೀಗೆಯೇ.

ಮೇ ತಿಂಗಳಲ್ಲಿ ನಾಗಪುರಕ್ಕೆ ಮರಳಿದಾಗ, ಇಲ್ಲಿಯ ಒಣ ಬಿಸಿಲಿನಲ್ಲಿ ಆ ಉಪ್ಪು ಸುಮ್ಮನಿರುತ್ತದೆ. ಕ್ಯಾಮರಾ ಸರಿಯಾಗಿಯೇ ಇದೆಯೆಂದು ತೋರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಉಪ್ಪು ಕರಗಿ ತಿರುಪುಗಳನ್ನೂ ಬ್ಯಾಟರಿಯ ತಗಡುಗಳನ್ನೂ ತಿನ್ನತೊಡಗುತ್ತದೆ. ಆದುದರಿಂದ ಕಡಲ ಉಪ್ಪನ್ನು ಕಡಲೂರಿನಲ್ಲಿಯೇ ಬಿಟ್ಟು ಬರಬೇಕು. ಅದಕ್ಕೆ ಈ ನಿಯಮಗಳು:

1. ಲೆನ್ಸಿನ ಮುಂದೆ ಸಾದಾ ಗಾಜಿನ ಫಿಲ್ಟರನ್ನು ಹಾಕಿರಿ. ದಂಡೆಯಲ್ಲಿ ಲೆನ್ಸನ್ನು ಬದಲಿಸಬೇಡಿರಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗ ಕ್ಯಾಮರಾ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿರಲಿ.

2. ಎ.ಸಿ. ಡಬ್ಬಿಯಿಂದ ಇಳಿದೊಡನೆ ಕ್ಯಾಮರಾವನ್ನು ಹೊರತೆಗೆಯಬೇಡಿರಿ. ತಣ್ಣನೆಯ ಗಾಜಿನ ಮೇಲೆ ಕರಾವಳಿಯ ಗಾಳಿ ಬೆವರುಗಟ್ಟುತ್ತದೆ. ಅರ್ಧ ಗಂಟೆಯಾದರೂ ಚೀಲದಲ್ಲಿಯೇ ಇರಲಿ.

3. ಲೆನ್ಸಿನ ಮೇಲೆ ಮರಳು ಬಿದ್ದರೆ ಒರೆಸಬೇಡಿರಿ. ಮರಳಿನ ಕಣ ಗಾಜಿಗಿಂತ ಗಟ್ಟಿ. ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ರಬ್ಬರಿನ ಗಾಳಿಬುರುಡೆಯಿಂದ ಊದಿ ತೆಗೆಯಿರಿ.

4. ಅದೇ ರಾತ್ರಿ, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಕ್ಯಾಮರಾದ ಮೈಯನ್ನು ಒರೆಸಿ, ಬಳಿಕ ಒಣಬಟ್ಟೆಯಿಂದ ಒರೆಸಿರಿ. ಒಣಬಟ್ಟೆಯೊಂದರಿಂದಲೇ ಉಪ್ಪು ಹೋಗದು. ಸ್ಟ್ಯಾಂಡಿನ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು ಆರಿಸಿರಿ.

5. ಕ್ಯಾಮರಾ ಕಡಲಿಗೆ ಬಿದ್ದರೆ ಕೂಡಲೇ ಬ್ಯಾಟರಿಯನ್ನು ತೆಗೆಯಿರಿ. ನಡೆಯುತ್ತದೆಯೇ ಎಂದು ಚಾಲು ಮಾಡಿ ನೋಡಬೇಡಿರಿ. ಅಕ್ಕಿಯಲ್ಲಿ ಹುಗಿದಿಟ್ಟರೆ ಉಪ್ಪು ಹೋಗುವುದಿಲ್ಲ. ತಡಮಾಡದೆ ದುರಸ್ತಿಗಾರರಲ್ಲಿಗೆ ಒಯ್ಯಿರಿ.

ಮೊಬೈಲ್ ಫೋನಿಗೂ ಈ ಎಚ್ಚರಿಕೆ ಬೇಕು. ನೀರು ತಡೆಯುವ ಫೋನುಗಳನ್ನು ಪರೀಕ್ಷಿಸುವುದು ಸಿಹಿನೀರಿನಲ್ಲಿ, ಕಡಲ ನೀರಿನಲ್ಲಲ್ಲ. ಒದ್ದೆಯಾದ ಫೋನಿಗೆ ಚಾರ್ಜರು ಚುಚ್ಚಬಾರದು.

ನಾಗಪುರದ ಮಳೆಗಾಲದಲ್ಲಿ ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿರಿ. ಚರ್ಮ ತೇವವನ್ನು ಹಿಡಿದಿಡುವುದರಿಂದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿರಿ. ಖರ್ಚು ಅಲ್ಪ, ಮುಂದಿನ ರಜೆಗೂ ಕ್ಯಾಮರಾ ಜೊತೆಗಿರುತ್ತದೆ.