ಮಾರಾಟವಾಗದಿದ್ದರೂ ಮತ್ತೆ ಬರುವುದೇಕೆ?

ಪ್ರಶ್ನೆ: ಬೆಂಗಳೂರಿನ ಚಿತ್ರಸಂತೆಗೆ ಮೊದಲ ಸಲ ಹೋಗಿದ್ದೆ. ಫುಟ್‌ಪಾತಿನ ಮೇಲೆ ಹತ್ತು ಹನ್ನೆರಡು ಚಿತ್ರಗಳನ್ನು ಒರಗಿಸಿಟ್ಟುಕೊಂಡು ಒಬ್ಬ ಕಾಲೇಜು ಹುಡುಗಿ ಕುಳಿತಿದ್ದಳು. ಸಂಜೆ ಹಿಂದಿರುಗುವಾಗ ವಿಚಾರಿಸಿದರೆ, ಒಂದೂ ಮಾರಾಟವಾಗಿರಲಿಲ್ಲ. ಆದರೂ ‘ಮುಂದಿನ ವರ್ಷವೂ ಬರ್ತೀನಿ’ ಎಂದು ನಗುತ್ತಲೇ ಹೇಳಿದಳು. ಹೊಸ ಕಲಾವಿದರಿಗೆ ಚಿತ್ರ ಬರೆಯಲು, ಬರೆದದ್ದನ್ನು ಹೀಗೆ ಜನರ ಮುಂದಿಡಲು ಸ್ಫೂರ್ತಿ ಎಲ್ಲಿಂದ ಬರುತ್ತದೆ? ನನಗೆ ಚಿತ್ರಕಲೆಯ ಗಂಧವಿಲ್ಲ. ಪ್ರಶ್ನೆ ಬಾಲಿಶವೆನಿಸಿದರೆ ಕ್ಷಮಿಸಿ.
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಕ್ಷಮೆ ಕೇಳುವಂಥದ್ದೇನೂ ಇಲ್ಲ. ಬೆಳಿಗ್ಗೆ ಕಂಡ ಹುಡುಗಿಯನ್ನು ಸಂಜೆ ಮತ್ತೆ ಹುಡುಕಿಕೊಂಡು ಹೋಗಿ ಮಾತನಾಡಿಸಿದ್ದೀರಲ್ಲ, ಅಂಥ ನೋಡುಗರು ಸಿಗುವುದೇ ಕಲಾವಿದರ ಪುಣ್ಯ. ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಚಿತ್ರ ಬರೆಯುವುದೇಕೆ ಎಂಬುದು ಒಂದು. ಬರೆದದ್ದನ್ನು ತೋರಿಸುವುದೇಕೆ ಎಂಬುದು ಇನ್ನೊಂದು. ಇವೆರಡರ ಪ್ರೇರಣೆ ಬೇರೆ ಬೇರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಬರೆಯುವುದು. ಇದರ ಮೂಲ ಬಹುಮಟ್ಟಿಗೆ ಕಲಾವಿದರು ಬೆಳೆದ ಮನೆ, ಊರು, ಕೈಗೆ ಅಭ್ಯಾಸವಾದ ವಸ್ತುಗಳಲ್ಲೇ ಇರುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಗೆ ಹೋಗಿ ದೊಡ್ಡ ಕಲಾವಿದರಾದರು. ಆದರೆ ಚಿಕ್ಕಂದಿನಲ್ಲಿ ಕಂಡ ಯಕ್ಷಗಾನದ ಬಣ್ಣ, ಕುಣಿತ ಅವರನ್ನು ಬಿಡಲಿಲ್ಲ. ಲಯವೆಂದರೇನೆಂದು ಮೈಯಲ್ಲೇ ತಿಳಿಯಬೇಕೆಂದು ಅವರು ಕಥಕ್ ನೃತ್ಯವನ್ನೂ ಕಲಿತರು. ಅವರ ರೇಖಾಚಿತ್ರಗಳಲ್ಲಿ ನಾಲ್ಕಾರು ಗೆರೆಗಳಲ್ಲೇ ನರ್ತಕಿಯೊಬ್ಬಳು ತಿರುಗುವುದು ಕಾಣುತ್ತದೆ. ಆ ಗೆರೆಯ ಹಿಂದೆ ಊರಿನ ರಂಗಸ್ಥಳವೂ ಇದೆ, ಬೆವರು ಸುರಿಸಿ ಕಲಿತ ಹೆಜ್ಜೆಯೂ ಇದೆ.

ಇನ್ನೊಂದು ಉದಾಹರಣೆ, ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರದು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಬಳಿ ಕಲಿತು, ಮುಂದೆ ಶಾಂತಿನಿಕೇತನದಲ್ಲೂ ಲಂಡನ್ನಿನಲ್ಲೂ ಓದಿ ಬಂದವರು. ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚುತ್ತಿದ್ದ ಅವರು 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವ, ಬೆರಣಿ ತಟ್ಟುವ, ಪೂಜೆಗೂ ಬಳಸುವ ವಸ್ತು ಅದು. ಹೆಂಗಸರ ದಿನನಿತ್ಯದ ದುಡಿಮೆ ಅದರೊಳಗೆ ಸೇರಿಕೊಂಡಿದೆ. ಮುಂದೆ ಅವರು ಉದ್ದುದ್ದ ದಾರಗಳನ್ನು ಸೂಜಿಗಳಲ್ಲಿ ಪೋಣಿಸಿ, ಅಂಟು ಮತ್ತು ಕುಂಕುಮ ಸವರಿ, ಕೆಂಪು ಹಗ್ಗಗಳಾಗಿ ಗೋಡೆಯ ಮೇಲೆ ಇಳಿಬಿಟ್ಟರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ನೋಡಲು ಚೆಂದ, ಮುಟ್ಟಿದರೆ ಚುಚ್ಚುತ್ತದೆ. ಇಲ್ಲಿ ಸ್ಫೂರ್ತಿ ಆಕಾಶದಿಂದ ಇಳಿದದ್ದಲ್ಲ. ಮನೆಯ ಮೂಲೆಯಲ್ಲಿದ್ದ ಸೂಜಿ ದಾರವನ್ನೇ ಮತ್ತೊಮ್ಮೆ ದಿಟ್ಟಿಸಿದ್ದರಿಂದ ಬಂದದ್ದು.

ಎರಡನೆಯದು, ತೋರಿಸುವುದು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಆಗುವ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಪ್ರದರ್ಶನವೆಂದರೆ ಮಾರಾಟ, ಮಾರಾಟವಾಗದಿದ್ದರೆ ಸೋಲು ಎಂದು ನಮಗೆ ಅನಿಸುತ್ತದೆ. ನೀವು ನೋಡಿದ್ದು ಹೆಸರಿನಲ್ಲೇ ‘ಸಂತೆ’ಯನ್ನು ಇಟ್ಟುಕೊಂಡಿರುವ ಕಡೆ, ಹಾಗಾಗಿ ಅನಿಸಿದ್ದು ಸಹಜ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ಇದನ್ನು ನಡೆಸುತ್ತಿರುವುದೇ ಕಲೆ ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಸಿಗಲಿ ಎಂದು. ಅಲ್ಲಿ ನೋಟವೂ ವ್ಯಾಪಾರವೂ ಒಂದೇ ಜಾಗದಲ್ಲಿ ನಡೆಯುತ್ತವೆ. ಆದರೂ ಅವೆರಡೂ ಒಂದೇ ಅಲ್ಲ. ಹಣ ಬೇಡವೆಂದು ನಾನು ಹೇಳುತ್ತಿಲ್ಲ. ಬಣ್ಣ, ಕ್ಯಾನ್ವಾಸು, ಫ್ರೇಮು, ಗ್ಯಾಲರಿಯ ಬಾಡಿಗೆ ಎಲ್ಲಕ್ಕೂ ದುಡ್ಡು ಬೇಕು. ಒಂದು ಚಿತ್ರ ಹೋದರೆ ಮುಂದಿನ ನಾಲ್ಕು ಚಿತ್ರಗಳ ಸಾಮಗ್ರಿಗೆ ದಾರಿಯಾಗುತ್ತದೆ. ಆದರೆ ಮಾರಾಟವಾಗದ ಮೇಲೂ ಮತ್ತೆ ಬರುವಂತೆ ಮಾಡುವ ಬೇರೆ ಕಾರಣಗಳಿವೆ. ಮುಖ್ಯವಾದ ಮೂರನ್ನು ಹೇಳುತ್ತೇನೆ.

ಒಂದು, ತನ್ನ ಚಿತ್ರವನ್ನು ತಾನೇ ನೋಡಲು. ಇದು ವಿಚಿತ್ರವೆನಿಸಬಹುದು. ಹೊಸ ಕಲಾವಿದರು ಹೆಚ್ಚಾಗಿ ಬಾಡಿಗೆ ಕೋಣೆಯಲ್ಲೋ ಹಾಸ್ಟೆಲಿನಲ್ಲೋ ಚಿತ್ರ ಬರೆಯುತ್ತಾರೆ. ಮೂರಡಿ ಹಿಂದೆ ಸರಿದರೆ ಬೆನ್ನಿಗೆ ಮಂಚ ತಾಗುತ್ತದೆ. ಬರೆದು ಮುಗಿದ ಚಿತ್ರಗಳು ಒಂದರ ಬೆನ್ನಿಗೊಂದು ಗೋಡೆಗೆ ಒರಗಿರುತ್ತವೆ. ಪ್ರದರ್ಶನದ ಹಿಂದಿನ ದಿನ ಯಾವುದಾದರೂ ಗ್ಯಾಲರಿಗೆ ಹೋಗಿ ನೋಡಿ. ಒಬ್ಬರು ಚಿತ್ರ ಎತ್ತಿ ಹಿಡಿದಿರುತ್ತಾರೆ, ಇನ್ನೊಬ್ಬರು ದೂರ ನಿಂತು ‘ಎಡಗಡೆ ಸ್ವಲ್ಪ ಮೇಲೆ, ಸಾಕು’ ಎನ್ನುತ್ತಿರುತ್ತಾರೆ. ನಿಂತವರ ಕಣ್ಣಿನ ಮಟ್ಟಕ್ಕೆ ಸಾಲು ಸರಿಯಾಗಿ, ದೀಪ ಹೊತ್ತಿಸಿದಾಗ, ಬರೆದವರೇ ಸುಮ್ಮನಾಗುತ್ತಾರೆ. ಎರಡು ವರ್ಷದ ಕೆಲಸ ಒಟ್ಟಿಗೆ ಕಣ್ಣಿಗೆ ಬೀಳುವುದು ಆಗಲೇ. ಈ ನೀಲಿ ನಾಲ್ಕು ಚಿತ್ರಗಳಲ್ಲಿ ಮರುಕಳಿಸಿದೆ, ಆ ಮೂಲೆ ಖಾಲಿ ಬಿಟ್ಟಿದ್ದರೆ ಚೆನ್ನಾಗಿತ್ತು ಎಂಬುದು ಹೊಳೆಯುತ್ತದೆ. ಎಷ್ಟೋ ಸಲ ಮುಂದಿನ ಚಿತ್ರ ಹುಟ್ಟುವುದು ಆ ಗೋಡೆಯ ಎದುರಿನಲ್ಲೇ.

ಎರಡು, ಜೊತೆಗಾರರು. ಒಬ್ಬರಿಗೆ ಗ್ಯಾಲರಿ ಹಿಡಿಯುವುದು ಭಾರವಾದರೆ ಐದಾರು ಮಂದಿ ಸೇರಿ ಸಮೂಹ ಪ್ರದರ್ಶನ ಮಾಡುತ್ತಾರೆ. ಖರ್ಚು ಹಂಚಿಹೋಗುತ್ತದೆ, ಧೈರ್ಯವೂ ಬರುತ್ತದೆ. ಇದಕ್ಕೆ ದೊಡ್ಡ ಪರಂಪರೆಯೇ ಇದೆ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೋನೆ, ದೇಗಾ, ರೆನ್ವಾ ಮೊದಲಾದ ಸುಮಾರು 30 ಮಂದಿ, ಸರ್ಕಾರಿ ಪ್ರದರ್ಶನವನ್ನು ನೆಚ್ಚಿಕೊಳ್ಳದೆ, ಛಾಯಾಗ್ರಾಹಕ ನಾದಾರ್ ಅವರ ಸ್ಟುಡಿಯೋ ಆಗಿದ್ದ ಜಾಗದಲ್ಲಿ ತಮ್ಮದೇ ಪ್ರದರ್ಶನ ಇಟ್ಟರು. ಪತ್ರಿಕೆಯೊಂದು ಗೇಲಿ ಮಾಡಿತು. ‘ಇಂಪ್ರೆಷನಿಸ್ಟ್’ ಎಂಬ ಹೆಸರು ಅಂಟಿಕೊಂಡದ್ದೇ ಆ ಗೇಲಿಯಿಂದ. ಮಾರಾಟ ಕಡಿಮೆ, ಸಾಲ ಉಳಿದು, ಅವರು ಕಟ್ಟಿಕೊಂಡಿದ್ದ ಸಂಘವನ್ನು ಅದೇ ವರ್ಷ ಮುಚ್ಚಬೇಕಾಯಿತು. ಆದರೂ 1876ರಲ್ಲಿ ಮತ್ತೆ ಪ್ರದರ್ಶನ ಮಾಡಿದರು. 1886ರ ಹೊತ್ತಿಗೆ ಒಟ್ಟು ಎಂಟು ಆದವು. ‘ಮುಂದಿನ ವರ್ಷವೂ ಬರ್ತೀನಿ’ ಎಂದ ಹುಡುಗಿಯ ಮಾತನ್ನು ಪ್ಯಾರಿಸ್ಸಿನವರೂ ಆಡಿದ್ದರೆನ್ನಿ. ನಮ್ಮಲ್ಲೂ 1947ರಲ್ಲಿ ಮುಂಬೈನಲ್ಲಿ ಸೋಜಾ, ರಝಾ, ಹುಸೇನ್, ಆರಾ ಮೊದಲಾದವರು ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಅವರಲ್ಲಿ ಹುಸೇನ್ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಆರಾ ಮನೆಗೆಲಸ ಮಾಡಿಕೊಂಡಿದ್ದವರು.

ಮೂರು, ಪರಿಚಯವಿಲ್ಲದ ಕಣ್ಣು. ಅಮ್ಮ, ಗೆಳೆಯರು, ಮೇಷ್ಟ್ರು ಹೇಳುವ ಮಾತಿನಲ್ಲಿ ಪ್ರೀತಿ ಬೆರೆತಿರುತ್ತದೆ. ದಾರಿಹೋಕರಿಗೆ ಅಂಥ ಹಂಗಿಲ್ಲ. ಅವರು ನಿಲ್ಲುತ್ತಾರೆ, ಇಲ್ಲವೇ ಮುಂದೆ ನಡೆಯುತ್ತಾರೆ. ಇದನ್ನು ನೆಚ್ಚಿಕೊಂಡು ಗ್ಯಾಲರಿಯನ್ನೇ ಬಿಟ್ಟು ಬೀದಿಗಿಳಿದವರೂ ಇದ್ದಾರೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ನಿಂತ ರಸ್ತೆ ಗುಂಡಿಯಲ್ಲಿ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆಯನ್ನು ಮಾಡಿ ಇಟ್ಟರು. ಪ್ರವೇಶಪತ್ರಿಕೆಯಿಲ್ಲ, ಉದ್ಘಾಟನೆಯಿಲ್ಲ, ಸ್ಕೂಟರ್ ನಿಲ್ಲಿಸಿ ನೋಡಿದವರೆಲ್ಲ ಪ್ರೇಕ್ಷಕರು. ಅಲ್ಲಿ ಕೃತಿ ಪೂರ್ತಿಯಾಗುವುದಕ್ಕೆ ಆ ಗುಂಡಿಯೂ ಬೇಕಿತ್ತು, ಆ ಜನರೂ ಬೇಕಿದ್ದರು.

ಈಗ ನಿಮ್ಮ ಹುಡುಗಿಯತ್ತ ಹೊರಳೋಣ. ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಜನ ಅವಳ ಮುಂದೆ ಹಾದುಹೋಗಿದ್ದಾರೆ. ಯಾವ ಚಿತ್ರದ ಮುಂದೆ ಮಕ್ಕಳು ಕುಕ್ಕರಗಾಲಲ್ಲಿ ಕೂತರು, ಯಾವುದನ್ನು ಯಾರೂ ತಿರುಗಿ ನೋಡಲಿಲ್ಲ, ಪಕ್ಕದ ಕಲಾವಿದರು ಅಂಚಿಗೆ ಯಾವ ಬಣ್ಣ ಹಾಕಿದ್ದರು, ಎಲ್ಲವನ್ನೂ ಅವಳು ಕಂಡಿದ್ದಾಳೆ. ಚಿತ್ರಗಳು ಹೊರಟಷ್ಟೇ ಮನೆಗೆ ಮರಳಿರಬಹುದು, ಆದರೆ ಅವಳು ಬರಿಗೈಯಲ್ಲಿ ಹೋಗಿಲ್ಲ. ನಗುತ್ತ ಹೇಳಿದ್ದು ಅದಕ್ಕೇ ಇದ್ದೀತು.

ಕೊನೆಯದಾಗಿ, ನೀವು ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಸಲ ‘ಇದರ ಅರ್ಥವೇನು?’ ಎನ್ನುವ ಬದಲು ‘ಇದನ್ನು ಎಲ್ಲಿಂದ ಶುರು ಮಾಡಿದಿರಿ?’ ಎಂದು ಕೇಳಿ ನೋಡಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗ್ಯಾಲರಿಗೆ ಹೋದರೆ ಬಾಗಿಲ ಬಳಿ ಅನಿಸಿಕೆ ಬರೆಯುವ ಪುಸ್ತಕ ಇರುತ್ತದೆ. ಅದರಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿ ಹೋಗುವವರೇ ಹೆಚ್ಚು. ನೀವು ಯಾವ ಚಿತ್ರದ ಮುಂದೆ ನಿಂತಿರಿ, ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಷ್ಟನ್ನು ಬರೆಯಿರಿ. ಎಲ್ಲರೂ ಹೋದ ಮೇಲೆ ಕಲಾವಿದರು ಆ ಪುಸ್ತಕವನ್ನು ಒಂದೊಂದೇ ಪುಟ ತಿರುವಿ ಓದುತ್ತಾರೆ.